ಕೆರೆಗೆ ಕೋಡಿ ಇದ್ದ ಹಾಗೆ ಬೀಮ್‌ಗೂ ಬೇಕು

ಈ ಸಲ ಅತಿಥಿಗಳು ಯಾರೂ ಇಲ್ಲ, ಸಂದರ್ಶನವೂ ಇಲ್ಲ. ಬಹಳ ದಿನದಿಂದ ತಲೆ ಕೊರೀತಿದ್ದ ಒಂದು ವಿಷಯದ ಬಗ್ಗೆ ನಮ್ಮ ಅಭಿಪ್ರಾಯ ಹೇಳೋಣ ಅಂತ ಕೂತಿದ್ದೀವಿ. ಒಪ್ಪದವರು ಧಾರಾಳವಾಗಿ ಜಗಳ ಆಡಬಹುದು.

ಕಣಗಳನ್ನು ನೇರ ಗೆರೆಯಲ್ಲಿ ಓಡಿಸಿ ವೇಗ ಹೆಚ್ಚಿಸುವ ಯಂತ್ರಕ್ಕೆ ಲೀನಿಯರ್ ಆಕ್ಸಲರೇಟರ್ ಅಂತಾರೆ, ಬಾಯಿಮಾತಿನಲ್ಲಿ ಲಿನಾಕ್. ಅದರೊಳಗೆ ಹೊರಟ ಕಣಗಳೆಲ್ಲ ಗುರಿ ಮುಟ್ಟೋದಿಲ್ಲ. ಒಂದಿಷ್ಟು ದಾರಿಯಲ್ಲೇ ಕೊಳವೆಯ ಗೋಡೆಗೆ ಬಡಿದು ಹೋಗುತ್ತವೆ. ಇದೇ ಬೀಮ್ ನಷ್ಟ. ಇದನ್ನು ಎಂಜಿನಿಯರುಗಳ ತಲೆನೋವು ಅಂತ ಬಿಟ್ಟುಬಿಡೋದು ರೂಢಿ. ಜೀವಶಾಸ್ತ್ರದವರಾದ ನಮಗೆ ಇಲ್ಲೇನು ಕೆಲಸ ಅಂತ ನೀವು ಕೇಳಬಹುದು. ಕೆಲಸ ಇದೆ. ಈ ಕ್ಷೇತ್ರದಲ್ಲಿ ಎಲ್ಲರೂ ಜಪಿಸುವ ಒಂದು ಸಂಖ್ಯೆ ಹುಟ್ಟಿದ್ದೇ ಮನುಷ್ಯನ ಮೈಯಿಂದ. ಅದಕ್ಕೆ ಆಮೇಲೆ ಬರ್ತೀವಿ.

ಮೊದಲು ಊರಿನ ವಿಚಾರ. ನಾವಿರುವ ಬೆಲ್‌ರೋಸ್ ನ್ಯೂಯಾರ್ಕ್ ನಗರದ ಪೂರ್ವದ ಅಂಚು. ಜೆರಿಕೋ ಟರ್ನ್‌ಪೈಕ್ ರಸ್ತೆಯ ಒಂದು ಮಗ್ಗುಲು ಕ್ವೀನ್ಸ್, ಅಂದ್ರೆ ನಗರ. ಇನ್ನೊಂದು ಮಗ್ಗುಲು ನಸಾವ್ ಕೌಂಟಿ. ಎರಡು ಕಡೆಗೂ ಹೆಸರು ಬೆಲ್‌ರೋಸೇ. ಆದರೆ ನಲ್ಲಿಯಲ್ಲಿ ಬರುವ ನೀರು ಬೇರೆ ಬೇರೆ. ನಗರದ ಕಡೆಗೆ ದೂರದ ಬೆಟ್ಟಗಳ ಜಲಾಶಯದಿಂದ ನೀರು ಬರುತ್ತೆ. ನಸಾವ್ ಕಡೆಯವರು ಕುಡಿಯೋದು ತಮ್ಮ ಕಾಲಡಿಯ ನೀರು. ಇಲ್ಲಿಂದ ಪೂರ್ವಕ್ಕೆ ನಸಾವ್, ಸಫೊಕ್ ಎರಡೂ ಕೌಂಟಿಗಳು ನಂಬಿರೋದು ನೆಲದಡಿಯ ನೀರನ್ನೇ. 1978ರಲ್ಲೇ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇದನ್ನು ಇಲ್ಲಿನ ಏಕೈಕ ಜಲಮೂಲ ಅಂತ ಘೋಷಿಸಿತು. ನೆಲ ಮರಳು. ಮೇಲೆ ಬಿದ್ದದ್ದು ಕೆಳಗೆ ಇಳಿಯುತ್ತೆ.

ಈ ಮರಳಿನ ಮೇಲೆಯೇ, ಲಾಂಗ್ ಐಲ್ಯಾಂಡ್ ಎಕ್ಸ್‌ಪ್ರೆಸ್‌ವೇ ಹಿಡಿದು ಪೂರ್ವಕ್ಕೆ ಒಂದು ಗಂಟೆ ಚಿಲ್ಲರೆ ಹೋದರೆ, ಅಪ್ಟನ್‌ನಲ್ಲಿ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯ ಇದೆ. 1947ರಲ್ಲಿ ಹಳೆಯ ಸೇನಾ ಶಿಬಿರದ ಜಾಗದಲ್ಲಿ ಶುರುವಾದದ್ದು. ಅಲ್ಲಿ 1970ರ ದಶಕದ ಆರಂಭದಿಂದ ಓಡುತ್ತಿರುವ ಒಂದು ಲಿನಾಕ್ ಇದೆ. ಸುಮಾರು 140 ಮೀಟರ್ ಉದ್ದ, ಸಾಲಾಗಿ ಒಂಬತ್ತು ತಾಮ್ರದ ಒಳಮೈಯ ಟ್ಯಾಂಕುಗಳು. ಅದರ ತುದಿಗೆ ಬರುವಷ್ಟರಲ್ಲಿ ಕಣದ ಶಕ್ತಿ 200 ಮೆಗಾ ಎಲೆಕ್ಟ್ರಾನ್ ವೋಲ್ಟ್. ಅಲ್ಲಿಂದ ಬೀಮ್ ಎರಡು ದಾರಿ ಹಿಡಿಯುತ್ತೆ. ಒಂದು ದಾರಿ ದೊಡ್ಡ ಉಂಗುರಗಳಂಥ ಯಂತ್ರಗಳಿಗೆ. ಇನ್ನೊಂದು, ವೈದ್ಯಕೀಯ ಐಸೊಟೋಪ್ ತಯಾರಿಸುವ ಬ್ಲಿಪ್ ಎಂಬ ಘಟಕಕ್ಕೆ. 1972ರಿಂದ ನಡೆಯುತ್ತಿರುವ ಈ ಘಟಕದಲ್ಲಿ ಸ್ಟ್ರಾನ್ಷಿಯಂ-82 ತಯಾರಾಗುತ್ತೆ. ಅದು ಕ್ಷಯಿಸಿ ರುಬಿಡಿಯಂ-82 ಆಗುತ್ತೆ, ಅದನ್ನು ಹೃದಯದ ರಕ್ತಸಂಚಾರ ನೋಡುವ ಪೆಟ್ ಸ್ಕ್ಯಾನ್‌ಗೆ ಬಳಸ್ತಾರೆ. ರುಬಿಡಿಯಂನ ಅರ್ಧಾಯುಷ್ಯ ಬರೀ 75 ಸೆಕೆಂಡು, ಹಾಗಾಗಿ ಆಸ್ಪತ್ರೆಗೆ ಸ್ಟ್ರಾನ್ಷಿಯಂ ಕಳಿಸಿ, ರುಬಿಡಿಯಂ ಅನ್ನು ರೋಗಿಯ ಪಕ್ಕದಲ್ಲೇ ಹಿಂಡಿ ತೆಗೀಬೇಕು. ಹಸುವನ್ನೇ ಮನೆಮುಂದೆ ತಂದು ಹಾಲು ಕರೆದುಕೊಟ್ಟ ಹಾಗೆ. ನಿಜಕ್ಕೂ ಇಂಥ ಡಬ್ಬಿಗೆ ಆ ಕ್ಷೇತ್ರದವರು ಹಸು ಅಂತಲೇ ಕರೀತಾರೆ.

ಇಷ್ಟು ಉಪಯೋಗ ಇರುವ ಬೀಮ್ ಯಾಕೆ ಸೋರುತ್ತೆ?

ಬ್ರೂಕ್‌ಹೇವನ್ ಲಿನಾಕ್‌ನಲ್ಲಿ ಓಡೋದು ಬರೀ ಪ್ರೋಟಾನ್ ಅಲ್ಲ, ಋಣ ಹೈಡ್ರೋಜನ್. ಒಂದು ಪ್ರೋಟಾನ್, ಎರಡು ಎಲೆಕ್ಟ್ರಾನ್. ಮುಂದಿನ ಉಂಗುರದ ಬಾಗಿಲಲ್ಲಿ ತೆಳುವಾದ ಹಾಳೆಯೊಂದನ್ನು ದಾಟಿಸಿ ಎರಡೂ ಎಲೆಕ್ಟ್ರಾನ್‌ಗಳನ್ನು ಕಳಚಿದರೆ, ಮೊದಲೇ ಸುತ್ತುತ್ತಿರುವ ಪ್ರೋಟಾನುಗಳ ಜೊತೆ ಹೊಸದನ್ನು ಸೇರಿಸೋದು ಸುಲಭ ಅನ್ನೋದು ಇದರ ಹಿಂದಿನ ಜಾಣತನ. ಆದರೆ ಜಾಣತನಕ್ಕೆ ಬೆಲೆ ಇದೆ. ಸಾಮಾನ್ಯ ಹೈಡ್ರೋಜನ್‌ನಲ್ಲಿ ಎಲೆಕ್ಟ್ರಾನ್ ಅನ್ನು ಕೀಳೋಕೆ 13.6 ಎಲೆಕ್ಟ್ರಾನ್ ವೋಲ್ಟ್ ಬೇಕು. ಈ ಎರಡನೇ ಎಲೆಕ್ಟ್ರಾನ್‌ಗೆ ಕೇವಲ 0.75 ಸಾಕು. ತುಂಬಿದ ಬಸ್ಸಿನ ಫುಟ್‌ಬೋರ್ಡ್ ಮೇಲೆ ಒಂದು ಕಾಲಲ್ಲಿ ನಿಂತ ಪ್ರಯಾಣಿಕನ ಥರ ಅದು. ಕೊಳವೆಯಲ್ಲಿ ಉಳಿದ ಒಂದು ಗಾಳಿಯ ಅಣು ತಾಗಿದರೂ ಉದುರುತ್ತೆ. ಅಯಸ್ಕಾಂತದ ತಿರುವು ಬಿಗಿಯಾದರೂ ಉದುರುತ್ತೆ. ಉದುರಿದ ಕ್ಷಣಕ್ಕೆ ಉಳಿದದ್ದು ವಿದ್ಯುದಾವೇಶ ಇಲ್ಲದ ಹೈಡ್ರೋಜನ್. ಅದನ್ನು ಯಾವ ಅಯಸ್ಕಾಂತವೂ ಹಿಡಿದಿಡಲಾರದು. ನೇರ ಹೋಗಿ ಗೋಡೆಗೆ.

ಇನ್ನೊಂದು ಕಾರಣ ಎಲ್ಲ ಬೀಮ್‌ಗಳಿಗೂ ಸೇರಿದ್ದು. ಒಂದೇ ಆವೇಶದ ಕಣಗಳನ್ನು ಒತ್ತೊತ್ತಾಗಿ ತುಂಬಿದರೆ ಒಂದನ್ನೊಂದು ದೂಡುತ್ತವೆ. ಅಯಸ್ಕಾಂತಗಳು ಹಿಂಡುವ ಲಯಕ್ಕೂ ಬೀಮ್ ಉಬ್ಬುವ ಲಯಕ್ಕೂ ತಾಳ ತಪ್ಪಿದರೆ ಕೆಲವು ಕಣಗಳು ಹೊರಕ್ಕೆ ಚಿಮ್ಮಿ, ಚಂದ್ರನ ಸುತ್ತ ಮೂಡುವ ಪರಿವೇಷದ ಹಾಗೆ ಮಂಕಾದ ಅಂಚೊಂದು ಬೆಳೆಯುತ್ತೆ. ನಷ್ಟ ಬಹುಪಾಲು ಈ ಅಂಚಿನದ್ದು. ಆಸ್ಪತ್ರೆಯ ಕ್ಯಾನ್ಸರ್ ಚಿಕಿತ್ಸೆಯ ಲಿನಾಕ್ ಬಗ್ಗೆ ಕೇಳಬೇಕು ಅಂತಿದ್ದವರಿಗೆ ಇಲ್ಲೇ ಹೇಳಿಬಿಡ್ತೀವಿ: ಅದು ಎಲೆಕ್ಟ್ರಾನ್‌ಗಳದ್ದು, ಚಿಕ್ಕದು, ಅದರ ಕತೆ ಬೇರೆ, ಇವತ್ತು ಆ ಕಡೆ ಹೋಗಲ್ಲ.

ನಮಗೆ ತುಂಬಾ ಇಷ್ಟವಾದ ಪ್ರಸಂಗ ಟೆನೆಸ್ಸಿಯ ಓಕ್ ರಿಡ್ಜ್‌ನದ್ದು. ಅಲ್ಲಿನ ನ್ಯೂಟ್ರಾನ್ ಮೂಲದ ಲಿನಾಕ್ 2006ರಲ್ಲಿ ಕೆಲಸ ಶುರುಮಾಡಿತು. ಅದರದ್ದೂ ಋಣ ಹೈಡ್ರೋಜನ್ನೇ. ಅತಿವಾಹಕ ಭಾಗದಲ್ಲಿ ಕೊಳವೆ ಬಹಳ ಅಗಲ, ಅಲ್ಲಿ ನಷ್ಟ ಇರಬಾರದು ಅಂತ ಲೆಕ್ಕ. ಆದರೆ ಇತ್ತು. ಅಲ್ಲಿನವರು ಅಯಸ್ಕಾಂತಗಳನ್ನು ಆಚೀಚೆ ತಿರುಗಿಸ್ತಾ ಒಂದು ವಿಚಿತ್ರ ಕಂಡುಕೊಂಡರು. ಬೀಮ್ ಹಿಂಡುವ ಅಯಸ್ಕಾಂತಗಳ ಬಲವನ್ನು ವಿನ್ಯಾಸಕ್ಕಿಂತ ಸಾಕಷ್ಟು ಇಳಿಸಿದರೆ ನಷ್ಟ ಕಡಿಮೆಯಾಗ್ತಿತ್ತು! ಹಿಡಿತ ಸಡಿಲಿಸಿದರೆ ಹೆಚ್ಚು ಚೆಲ್ಲಬೇಕು ತಾನೇ? ಫರ್ಮಿಲ್ಯಾಬ್‌ನ ವ್ಯಾಲೆರಿ ಲೆಬೆಡೆವ್ ಒಂದು ವಿವರಣೆ ಕೊಟ್ಟರು. ಬಿಗಿಯಾಗಿ ಹಿಂಡಿದಾಗ ಬೀಮ್‌ನ ಒಳಗೇ ಅಯಾನುಗಳು ಒಂದಕ್ಕೊಂದು ತಾಗಿ, ಫುಟ್‌ಬೋರ್ಡ್ ಮೇಲಿನ ಆ ಎಲೆಕ್ಟ್ರಾನ್ ಉದುರುತ್ತಿದೆ, ಹಿಂಡಿದಷ್ಟೂ ಸೋರುತ್ತೆ. ಪರೀಕ್ಷೆ ಸೊಗಸಾಗಿತ್ತು. ಲಿನಾಕ್‌ನ ಶುರುವಿನಲ್ಲೇ ತೆಳು ಹಾಳೆ ಇಟ್ಟು ಎಲೆಕ್ಟ್ರಾನ್‌ಗಳನ್ನೆಲ್ಲ ಕಳಚಿ, ಬರೀ ಪ್ರೋಟಾನ್ ಓಡಿಸಿದರು. ಉದುರೋಕೆ ಏನೂ ಇಲ್ಲದ ಕಣ. ನಷ್ಟ ಹತ್ತರಲ್ಲೊಂದು ಪಾಲಿಗೂ ಕಡಿಮೆ ಆಯ್ತು. 2012ರಲ್ಲಿ ಪ್ರಕಟವಾದ ಕೆಲಸ ಇದು.

ಈಗ ಆ ಸಂಖ್ಯೆಗೆ ಬರೋಣ. ಪ್ರತಿ ಮೀಟರಿಗೆ 1 ವ್ಯಾಟ್. ಪ್ರೋಟಾನ್ ಲಿನಾಕ್ ಕಟ್ಟುವವರಿಗೆ ಇದು ಲಕ್ಷ್ಮಣರೇಖೆ. ಹಿಡಿತಕ್ಕೆ ಸಿಗದೆ ಚದುರಿ ಹೋಗುವ ನಷ್ಟ ಒಂದು ಮೀಟರ್ ಉದ್ದಕ್ಕೆ ಒಂದು ವ್ಯಾಟ್ ಮೀರಬಾರದು. 1999ರಲ್ಲಿ ನಡೆದ ತಜ್ಞರ ಕಾರ್ಯಾಗಾರದ ನಂತರ ಇದು ಎಲ್ಲ ಕಡೆ ಹಬ್ಬಿತು. ಒಂದು ವ್ಯಾಟ್ ಅಂದ್ರೆ ಎಷ್ಟು? ನಿಮ್ಮ ದೇವರ ಮನೆಯ ಪುಟ್ಟ ಎಲ್‌ಇಡಿ ದೀಪದಷ್ಟು. ಓಕ್ ರಿಡ್ಜ್‌ನ ಬೀಮ್ 14 ಲಕ್ಷ ವ್ಯಾಟ್‌ನಲ್ಲಿ ಓಡುವಾಗ, ಮೀಟರಿಗೆ 14 ಲಕ್ಷದಲ್ಲಿ ಒಂದು ಪಾಲು ಮಾತ್ರ ಸೋರಲು ಅಪ್ಪಣೆ.

ಈ ಒಂದು ವ್ಯಾಟ್ ಯಂತ್ರಕ್ಕೆ ಏನೂ ಮಾಡೋದಿಲ್ಲ. ಕೊಳವೆ ಬಿಸಿಯೂ ಆಗೋಲ್ಲ. ಹಾಗಾದರೆ ಯಾಕೆ ಮಿತಿ? ಪ್ರೋಟಾನ್ ಬಂದು ತಾಮ್ರದ, ಕಬ್ಬಿಣದ ಪರಮಾಣು ಬೀಜಕ್ಕೆ ಬಡಿದರೆ ಅದರ ಚೂರು ಹಾರಿ, ಉಳಿದದ್ದು ವಿಕಿರಣಶೀಲವಾಗುತ್ತೆ. ಬೀಮ್ ನಿಲ್ಲಿಸಿದ ಮೇಲೂ ಲೋಹ ವಿಕಿರಣ ಸೂಸ್ತಾನೇ ಇರುತ್ತೆ. ನೂರು ದಿನ ಓಡಿಸಿ, ನಿಲ್ಲಿಸಿ, ನಾಲ್ಕು ಗಂಟೆ ಆರಲು ಬಿಟ್ಟು, ಒಬ್ಬ ತಂತ್ರಜ್ಞ ಸ್ಪ್ಯಾನರ್ ಹಿಡಿದು ಒಂದು ಅಡಿ ದೂರದಲ್ಲಿ ನಿಂತರೆ, ಅವನ ಮೈಗೆ ಗಂಟೆಗೆ ಸುಮಾರು 1 ಮಿಲಿಸೀವರ್ಟ್ ತಾಗುತ್ತೆ. ಜನಸಾಮಾನ್ಯರಿಗೆ ಇಡೀ ವರ್ಷಕ್ಕೆ ಹಾಕಿರುವ ಮಿತಿಯೂ ಅಷ್ಟೇ. ಕೈಯಿಂದ ರಿಪೇರಿ ಮಾಡೋಕೆ ಸಾಧ್ಯವಾಗುವ ಕೊನೆಯ ಗಡಿ ಅದು. ಅದನ್ನು ದಾಟಿದರೆ ರೋಬೋಟ್ ಬೇಕು, ಇಲ್ಲಾ ತಿಂಗಳುಗಟ್ಟಲೆ ಕಾಯಬೇಕು.

ನಮ್ಮ ಭಾಷೆಯಲ್ಲಿ ಹೇಳೋದಾದರೆ, 1 ಗ್ರೇ ಗಾಮಾ ವಿಕಿರಣ ಒಂದು ಜೀವಕೋಶದಲ್ಲಿ ಡಿಎನ್‌ಎಯ ಎರಡೂ ಎಳೆ ತುಂಡಾಗುವಂಥ ಗಾಯಗಳನ್ನು ಮೂವತ್ತು ನಲವತ್ತು ಮಾಡುತ್ತೆ. ಅದರ ಸಾವಿರದಲ್ಲೊಂದು ಪಾಲಾದರೆ ಸುಮಾರು ಮೂವತ್ತು ಕೋಶಗಳಲ್ಲಿ ಒಂದಕ್ಕೆ ಇಂಥ ಒಂದು ಗಾಯ. ಕೋಶ ಅದನ್ನು ಹೊಲಿದುಕೊಳ್ಳುತ್ತೆ, ಹೆಚ್ಚಿನ ಸಲ ಸರಿಯಾಗಿ. ಹೆಚ್ಚಿನ ಸಲ ಅನ್ನುವ ಈ ಎರಡು ಪದಗಳ ಮೇಲೆಯೇ ವಿಕಿರಣ ಜೀವಶಾಸ್ತ್ರ ಅನ್ನೋ ಇಡೀ ಶಾಸ್ತ್ರ ನಿಂತಿದೆ. ಬ್ರೂಕ್‌ಹೇವನ್‌ನಲ್ಲೇ 2003ರಿಂದ ನಾಸಾದ ಬಾಹ್ಯಾಕಾಶ ವಿಕಿರಣ ಪ್ರಯೋಗಾಲಯ ನಡೀತಿದೆ. ಗಗನಯಾತ್ರಿಗಳಿಗೆ ತಾಗುವಂಥ ಕಣಗಳನ್ನು ಕೋಶಗಳ ಮೇಲೆ ಹಾಯಿಸಿ ನೋಡೋದು ಅಲ್ಲಿನ ಕೆಲಸ. ಅಂದ್ರೆ ಆ ಮೀಟರಿಗೊಂದು ವ್ಯಾಟ್ ಭೌತಶಾಸ್ತ್ರದ ನಿಯಮವಲ್ಲ. ಸ್ಪ್ಯಾನರ್ ಹಿಡಿದ ಒಂದು ಕೈಯನ್ನು ನೆನಪಲ್ಲಿಟ್ಟು ಹಿಂದಕ್ಕೆ ಲೆಕ್ಕ ಹಾಕಿ ಬಂದ ಸಂಖ್ಯೆ. ಇದನ್ನು ನಾವು ಮೆಚ್ಚುಗೆಯಿಂದಲೇ ಹೇಳ್ತಿದ್ದೀವಿ. ಕೆಲಸಗಾರನ ಮೈ ನೋಡಿ ಯಂತ್ರದ ಅಳತೆ ಗೊತ್ತುಮಾಡುವ ಉದ್ಯಮಗಳು ಎಷ್ಟಿವೆ ಹೇಳಿ?

ಆದರೆ ಆ ಲೆಕ್ಕದಲ್ಲಿ ಮಣ್ಣು ಇಲ್ಲ, ನೀರೂ ಇಲ್ಲ. ನಮ್ಮ ತಕರಾರು ಶುರುವಾಗೋದೇ ಇಲ್ಲಿಂದ.

ನಿಯಂತ್ರಣದ ವಿಧಾನ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಕೆರೆ ಕಟ್ಟಿದವರು ಏರಿಯ ಜೊತೆಗೆ ಕೋಡಿಯನ್ನೂ ಕಟ್ಟಿದರು. ಮಳೆ ಹೆಚ್ಚಾದರೆ ನೀರು ಹೊರಗೆ ಹೋಗಿಯೇ ಹೋಗುತ್ತೆ, ಎಲ್ಲಿ ಹೋಗಬೇಕು ಅನ್ನೋದನ್ನು ಮೊದಲೇ ನಿರ್ಧರಿಸಿ ಅಲ್ಲಿ ಕಲ್ಲು ಹಾಸಿಟ್ಟರು. ಬೀಮ್‌ಗೂ ಹಾಗೇ. ಶಕ್ತಿ ಇನ್ನೂ ಕಡಿಮೆ ಇರುವಾಗಲೇ, ಅಪಾಯಕಾರಿ ಆಗುವ ಮೊದಲೇ, ಮಂಕು ಅಂಚನ್ನು ಕೆರೆದು ತೆಗೆಯುವ ಲೋಹದ ದವಡೆಗಳನ್ನು ಇಡ್ತಾರೆ. ಉದ್ದಕ್ಕೂ ಅನಿಲ ತುಂಬಿದ ಮಾಪಕಗಳು. ಎಲ್ಲಾದರೂ ನಷ್ಟ ದಿಢೀರ್ ಏರಿದರೆ ಹತ್ತಾರು ಮೈಕ್ರೋಸೆಕೆಂಡಿನಲ್ಲಿ ಬೀಮ್ ಬಂದ್. ಗುರಿಯ ಮೇಲೆಯೂ ಬೀಮ್ ಒಂದೇ ಬಿಂದುವಿಗೆ ಕುಕ್ಕಬಾರದು ಅಂತ ಬ್ಲಿಪ್‌ನಲ್ಲಿ ಈಗ ಅದನ್ನು ವೃತ್ತಾಕಾರದಲ್ಲಿ ಸುತ್ತಿಸ್ತಾರೆ, ದೋಸೆ ಹಿಟ್ಟು ಹರಡಿದ ಹಾಗೆ.

ಇಷ್ಟೆಲ್ಲ ಇದ್ದೂ ಬ್ರೂಕ್‌ಹೇವನ್‌ನಲ್ಲಿ ಏನಾಯ್ತು ನೋಡಿ. 1998ರಲ್ಲಿ ಬ್ಲಿಪ್ ಪಕ್ಕದ ನೆಲದ ನೀರಿನಲ್ಲಿ ಟ್ರಿಟಿಯಂ ಮತ್ತು ಸೋಡಿಯಂ-22 ಸಿಕ್ಕಿತು. ಬೀಮ್ ಗುರಿಗೆ ಬಡಿದಾಗ ಹುಟ್ಟುವ ನ್ಯೂಟ್ರಾನ್‌ಗಳು ಸುತ್ತಲಿನ ಮಣ್ಣಿಗೆ ನುಗ್ಗಿ, ಮಣ್ಣಿನೊಳಗೇ ಇವನ್ನು ಸೃಷ್ಟಿಸಿದ್ದವು. ಮಣ್ಣಿನಲ್ಲಿ ಸುಮ್ಮನೆ ಇದ್ದಿದ್ದರೆ ತೊಂದರೆ ಇರಲಿಲ್ಲ. ಕೆಳಗೆ ತಂದದ್ದು ಮಳೆ. ಪರಿಹಾರ ಕೇಳಿದರೆ ನಗು ಬರುತ್ತೆ, ಅಷ್ಟು ಸರಳ: ಚಾವಣಿಯ ಮಳೆನೀರಿನ ಕೊಳವೆಗಳನ್ನು ಕಟ್ಟಡದಿಂದ ಆಚೆಗೆ ತಿರುಗಿಸಿದರು, ನೆಲದ ಬಿರುಕು ಮುಚ್ಚಿದರು, ಸುತ್ತ ಸಿಮೆಂಟಿನ ಹೊದಿಕೆ ಹಾಕಿದರು. ಸೂರಿನ ನೀರು ಗೋಡೆ ಬುಡಕ್ಕೆ ಬೀಳಬಾರದು ಅಂತ ನಮ್ಮ ಅಜ್ಜಂದಿರಿಗೆ ಗೊತ್ತಿದ್ದ ವಿಷಯ.

ಬ್ಲಿಪ್‌ನಲ್ಲಿ ಬೀಮ್ ಬಿದ್ದದ್ದು ಬೀಳಬೇಕಾದ ಜಾಗದಲ್ಲೇ. ಮುಂದಿನ ವರ್ಷ ಸಿಕ್ಕಿದ್ದು ಹಾಗಲ್ಲ. ಲಿನಾಕ್‌ನಿಂದ ಹೊರಟ ಬೀಮ್ ಉಂಗುರಗಳಲ್ಲಿ ಬಲಿತು ಮ್ಯುವಾನ್ ಜಿ-2 ಎಂಬ ಪ್ರಯೋಗಕ್ಕೆ ಹೋಗ್ತಿತ್ತು. ಮ್ಯುವಾನಿನ ಕಾಂತೀಯ ಗುಣವನ್ನು ಹತ್ತು ಲಕ್ಷದಲ್ಲಿ ಅರ್ಧ ಪಾಲಿನಷ್ಟು ಸೂಕ್ಷ್ಮವಾಗಿ ಅಳೆದ ಜಗದ್ವಿಖ್ಯಾತ ಪ್ರಯೋಗ ಅದು. 1999ರ ನವೆಂಬರ್‌ನಲ್ಲಿ ಅದರ ಹತ್ತಿರದ ಬಾವಿಯೊಂದರಲ್ಲಿ ಕುಡಿಯುವ ನೀರಿನ ಮಿತಿಯನ್ನು ಮೀರಿದ ಟ್ರಿಟಿಯಂ ಕಂಡಿತು. ಹುಡುಕಿದಾಗ ಗೊತ್ತಾದದ್ದು: ವಿಕ್ಯು-12 ಅನ್ನುವ ಅಯಸ್ಕಾಂತವೊಂದಕ್ಕೆ ಬೀಮ್‌ನ ಸುಮಾರು ಶೇಕಡ 5ರಷ್ಟು ಅಚಾತುರ್ಯದಿಂದ ಬಡೀತಾ ಇತ್ತು. ಪಕ್ಕದ ಮಣ್ಣು ವಿಕಿರಣಶೀಲವಾಗಿ, ಮಳೆ ಅದನ್ನು ತೊಳೆದು ಕೆಳಗಿಳಿಸಿತ್ತು. ಡಿಸೆಂಬರ್‌ನಲ್ಲಿ ಅಲ್ಲಿಗೂ ಕಾಂಕ್ರೀಟ್ ಹೊದಿಕೆ ಬಿತ್ತು. ಆ ನೀರು ಪ್ರಯೋಗಾಲಯದ ಬೇಲಿಯೊಳಗೇ ಇತ್ತು, ಯಾರ ಮನೆಯ ನಲ್ಲಿಗೂ ಹೋಗಲಿಲ್ಲ. ಬೆಲ್‌ರೋಸ್‌ಗಂತೂ ಅಲ್ಲಿನ ನೀರು ಬರುವ ದಾರಿಯೇ ಇಲ್ಲ. ಇದನ್ನು ಒತ್ತಿ ಹೇಳ್ತಿದ್ದೀವಿ, ಯಾಕಂದ್ರೆ ಅರ್ಧ ಕೇಳಿ ವಾಟ್ಸ್ಆ್ಯಪ್‌ಗೆ ಹಾಕುವವರು ಇದ್ದಾರೆ.

ಆದರೂ ಯೋಚಿಸಿ. ಹತ್ತು ಲಕ್ಷದಲ್ಲಿ ಅರ್ಧ ಪಾಲು ಅಳೆಯುವ ಪ್ರಯೋಗ, ಅದಕ್ಕೆ ಬೀಮ್ ತರುವ ದಾರಿಯಲ್ಲಿ ನೂರಕ್ಕೆ ಐದು ಪಾಲು ತಪ್ಪು ಜಾಗಕ್ಕೆ ಹೋಗ್ತಿದೆ. ಪ್ರಯೋಗ ಕೆಡಲಿಲ್ಲ, ಫಲಿತಾಂಶ ಅದ್ಭುತವಾಗೇ ಬಂತು. ಹೇಳಿದ್ದು ಬಾವಿ. ನಮ್ಮ ಅಭಿಪ್ರಾಯದ ತಿರುಳು ಇದೇ. ಯಂತ್ರಕ್ಕೆ ನೋವಾದರೆ ಮೈಕ್ರೋಸೆಕೆಂಡಿನಲ್ಲಿ ಗಂಟೆ ಬಾರಿಸುವ ವ್ಯವಸ್ಥೆ ಇದೆ. ನೆಲಕ್ಕೆ ನೋವಾದರೆ ಮಳೆ ಇಳಿದು, ನೀರು ಹರಿದು, ಬಾವಿಗೆ ಬಂದು, ಯಾರೋ ಬಾಟಲಿ ತುಂಬಿ ಲ್ಯಾಬಿಗೆ ಕಳಿಸುವವರೆಗೆ ಕಾಯಬೇಕು. ಬಾವಿಯನ್ನೂ ಬೀಮ್ ನಷ್ಟದ ಮಾಪಕ ಅಂತಲೇ ಎಣಿಸಬೇಕು. ಎಲ್ಲೆಲ್ಲಿ ಎಷ್ಟು ಬೀಮ್ ಕಳೆದುಹೋಗ್ತಿದೆ, ಅದರ ಕೆಳಗಿನ ಮಣ್ಣಿನ ಮೇಲೆ ಹೊದಿಕೆ ಇದೆಯೇ, ಅದರ ಇಳಿಜಾರಿನ ಬಾವಿ ಏನು ಹೇಳ್ತಿದೆ, ಈ ಮೂರೂ ಒಂದೇ ಪುಟದಲ್ಲಿ, ಅಕ್ಕಪಕ್ಕದವರು ಓದಬಹುದಾದ ಭಾಷೆಯಲ್ಲಿ ಇರಬೇಕು. ಇವತ್ತು ನೆಲದ ನೀರಿನ ಅಂಕಿ ಪರಿಸರ ವರದಿಯಲ್ಲಿ ಸಿಗುತ್ತೆ, ಬೀಮ್ ನಷ್ಟದ ಅಂಕಿ ಎಂಜಿನಿಯರುಗಳ ಸಮ್ಮೇಳನದ ಪ್ರಬಂಧದಲ್ಲಿ. ಎರಡನ್ನೂ ಓದುವ ಮನುಷ್ಯ ಅಪರೂಪ.

ಹೀಗೆ ಬಿಚ್ಚಿಟ್ಟರೆ ಜನ ಗಾಬರಿಯಾಗ್ತಾರೆ ಅನ್ನುವ ವಾದ ನಮಗೆ ಗೊತ್ತು. ಅದಕ್ಕೂ ಉತ್ತರ ಇದೇ ದ್ವೀಪದಲ್ಲಿದೆ. 1997ರ ಆರಂಭದಲ್ಲಿ, ಅದೇ ಪ್ರಯೋಗಾಲಯದ ಸಂಶೋಧನಾ ರಿಯಾಕ್ಟರಿನ ಬಳಸಿದ ಇಂಧನದ ಕೊಳದಿಂದ ದಿನಕ್ಕೆ 6ರಿಂದ 9 ಗ್ಯಾಲನ್, ಅಂದ್ರೆ ಎರಡು ಮೂರು ಬಿಂದಿಗೆ ನೀರು ಸೋರ್ತಿತ್ತು ಅನ್ನೋದು ಬಯಲಾಯ್ತು. ಹನ್ನೆರಡು ವರ್ಷದಷ್ಟು ಹಿಂದಿನಿಂದಲೇ ಸೋರ್ತಿದ್ದಿರಬಹುದು ಅನ್ನುವ ಅಂದಾಜು ಆಮೇಲೆ ಬಂತು. ಪ್ರಮಾಣಕ್ಕಿಂತ ಜನರನ್ನು ಕೆರಳಿಸಿದ್ದು ಆ ವರ್ಷಗಳು. ಆ ಮೇ ತಿಂಗಳಲ್ಲೇ, ಐವತ್ತು ವರ್ಷದಿಂದ ಪ್ರಯೋಗಾಲಯ ನಡೆಸ್ತಿದ್ದ ಸಂಸ್ಥೆಯ ಗುತ್ತಿಗೆಯನ್ನು ಇಂಧನ ಕಾರ್ಯದರ್ಶಿ ಫೆಡೆರಿಕೊ ಪೆನ್ಯಾ ರದ್ದು ಮಾಡಿದರು. ರಿಯಾಕ್ಟರ್ ಮತ್ತೆ ಶುರುವಾಗಲೇ ಇಲ್ಲ. 1999ರಲ್ಲಿ ಶಾಶ್ವತವಾಗಿ ಮುಚ್ಚುವ ತೀರ್ಮಾನ ಆಯ್ತು. ಒಳ್ಳೆಯ ವಿಜ್ಞಾನ ಮಾಡ್ತಿದ್ದ ಯಂತ್ರ ಅದು. ಮುಚ್ಚಿದ್ದರಿಂದ ಜೀವಶಾಸ್ತ್ರಕ್ಕೂ ನಷ್ಟವೇ ಆಯ್ತು ಅಂತ ನಾವು ಸಂಕೋಚವಿಲ್ಲದೆ ಹೇಳ್ತೀವಿ.

ಕರ್ನಾಟಕದಲ್ಲಿ ಕೂತು ಕೇಳ್ತಿರುವವರಿಗೆ ಟ್ರಿಟಿಯಂ ಅನ್ನುವ ಹೆಸರು ಹೊಸದಲ್ಲ. 2009ರ ನವೆಂಬರ್‌ನಲ್ಲಿ ಕೈಗಾದಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಸೇರಿ ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೈಗೆ ಹೋದದ್ದು ಪತ್ರಿಕೆಗಳ ಮುಖಪುಟದಲ್ಲಿತ್ತು. ಅಲ್ಲಿ ಸೋರಿಕೆ ಇರಲಿಲ್ಲ, ಯಾರೋ ಬೇಕಂತಲೇ ಹಾಕಿದ್ದು. ಆದರೂ ಕಾಳಿ ನದಿಯ ದಡದವರು ಕೇಳಿದ ಮೊದಲ ಪ್ರಶ್ನೆ ಲಾಂಗ್ ಐಲ್ಯಾಂಡಿನವರದ್ದೇ: ನಮಗೆ ಯಾವಾಗ ಹೇಳ್ತಿದ್ರಿ?

ಇದು ಈಗಲೇ ಕೇಳಬೇಕಾದ ಪ್ರಶ್ನೆ. ಮುಂಬೈನ ಟ್ರಾಂಬೆಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು 20 ಮೆಗಾ ಎಲೆಕ್ಟ್ರಾನ್ ವೋಲ್ಟಿನ ಪ್ರೋಟಾನ್ ಲಿನಾಕ್ ಕಟ್ಟಿದ್ದಾರೆ. ಫರ್ಮಿಲ್ಯಾಬ್‌ನ 800 ಮೆಗಾ ಎಲೆಕ್ಟ್ರಾನ್ ವೋಲ್ಟಿನ ಹೊಸ ಲಿನಾಕ್‌ಗೆ ಭಾರತದ ಪ್ರಯೋಗಾಲಯಗಳು ಭಾಗಗಳನ್ನು ಮಾಡಿಕೊಡ್ತಿವೆ. ದೂರದ ಕನಸು, ಲಿನಾಕ್‌ನಿಂದ ನಡೆಯುವ ಥೋರಿಯಂ ರಿಯಾಕ್ಟರು. ಅದಕ್ಕೆ ಬೇಕಾದದ್ದು 1000 ಮೆಗಾ ಎಲೆಕ್ಟ್ರಾನ್ ವೋಲ್ಟ್, 30 ಮಿಲಿಆಂಪಿಯರ್. ಗುಣಿಸಿದರೆ 3 ಕೋಟಿ ವ್ಯಾಟ್. ಅಲ್ಲಿ ಮೀಟರಿಗೆ 1 ವ್ಯಾಟ್ ಅಂದ್ರೆ ಮೂರು ಕೋಟಿಯಲ್ಲಿ ಒಂದು. ಆ ಮಟ್ಟದ ಶಿಸ್ತು ಕಲಿಯೋದು ಸಾಧ್ಯ, ಓಕ್ ರಿಡ್ಜ್‌ನವರು ದಾರಿ ತೋರಿಸಿದ್ದಾರೆ. ಅಂಥ ಯಂತ್ರಕ್ಕೆ ಜಾಗ ಹುಡುಕುವ ದಿನ ಬಂದರೆ, ನಕ್ಷೆಯಲ್ಲಿ ಸುರಂಗ ಗುರುತಿಸುವ ಮೊದಲು ಅಲ್ಲಿನ ನೀರು ಯಾವ ದಿಕ್ಕಿಗೆ ಹರಿಯುತ್ತೆ ಅಂತ ಬಾವಿ ತೋಡಿ ನೋಡಲಿ. ‘ಒಂದು ಹನಿಯೂ ಸೋರೋದಿಲ್ಲ’ ಅಂತ ಯಾರಾದರೂ ವೇದಿಕೆ ಮೇಲೆ ಮಾತು ಕೊಟ್ಟರೆ, ‘ಕೋಡಿ ಎಲ್ಲಿಟ್ಟಿದ್ದೀರಿ ಸ್ವಾಮಿ’ ಅಂತ ಊರವರು ಕೇಳಲಿ.

ವಿಕ್ಯು-12ರ ವಿಷಯಕ್ಕೆ ಒಂದು ಮಾತು ಬಾಕಿ ಇದೆ. ಸೋಡಿಯಂ-22ರ ಅರ್ಧಾಯುಷ್ಯ 2.6 ವರ್ಷ, ಹಾಗಾಗಿ 1999ರ ಹೊತ್ತಿಗೆ ಮಣ್ಣಿನಲ್ಲಿದ್ದದ್ದು ಈಗ ಸಾವಿರದಲ್ಲೊಂದು ಪಾಲಿನ ಆಸುಪಾಸು. ಟ್ರಿಟಿಯಂ 12.3 ವರ್ಷ; ಅದು ಇನ್ನೂ ಕಾಲು ಭಾಗದ ಹತ್ತಿರ ಇದೆ. ಜಿ-2ರ ದೊಡ್ಡ ಉಂಗುರವನ್ನು 2013ರಲ್ಲಿ ದೋಣಿಯ ಮೇಲೆ, ಲಾರಿಯ ಮೇಲೆ ಫರ್ಮಿಲ್ಯಾಬ್‌ಗೆ ಸಾಗಿಸಿದರು. ಮಣ್ಣು ಮತ್ತು ಅದರ ಮೇಲಿನ ಕಾಂಕ್ರೀಟ್ ಅಪ್ಟನ್‌ನಲ್ಲೇ ಉಳಿದಿವೆ, ಬಿರುಕು ಬಿಟ್ಟಿಲ್ಲ ತಾನೇ ಅಂತ ನೋಡುವ ಕೆಲಸವೂ ಉಳಿದಿದೆ.

ಜಗಳಕ್ಕೆ ಕಾಯ್ತಿರ್ತೀವಿ.